ಸಾಟಿಗೆ ಕೊಟ್ಟ ಕೂಸು

ದೊಡ್ಡ ಜ್ವರದ ವರ್ಷ ಬಸರಿಹಟ್ಟಿಯಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಯಾಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಮನೆಮನೆಯಲ್ಲೂ ಇತ್ತು. ಜ್ವರ ಬಂದ ಗಂಡಸು ಕಂಬಳಿ ಹೊದ್ದು ಮಲಗಿದ. ಜ್ವರ ಬಂದ ಹೆಂಗಸು ಅವನಿಗೆ ಅಂಬಲಿ ಕಾಸಿದಳು, ಕುರಿಮರಿಗಳಿಗೆ ಸೊಪ್ಪು ಹಾಕಿದಳು, ಹಳ್ಳದಿಂದ ನೀರು ಹೊತ್ತಳು, ಕೊನೆಗೆ ಒಲೆಯ ಮುಂದೆಯೇ ಕುಸಿದಳು. ಜ್ವರ ಇಳಿದು ಊರು ತಲೆಯೆತ್ತಿ ನೋಡಿಕೊಂಡಾಗ ಕುರಿಗಳಿದ್ದವು, ಹೊಲಗಳಿದ್ದವು, ಗಂಡಸರಿದ್ದರು. ರೊಟ್ಟಿ ಬಡಿಯುವ ಸದ್ದು ಮಾತ್ರ ಅಲ್ಲೊಂದು ಇಲ್ಲೊಂದು ಮನೆಯಿಂದ ಬರುತ್ತಿತ್ತು.

ಖಾನಾಪುರದಿಂದ ಹೊಳೆ ದಾಟಿ ಒಂದು ಹೊತ್ತು ನಡೆದರೆ, ಕಾಡಿನ ಅಂಚಿಗೆ ಸಿಗುವ ಕುರುಬರ ಹಟ್ಟಿ ಅದು. ಮೊದಲೇ ದೊಡ್ಡ ಊರಲ್ಲ. ಹೆಂಡತಿ ಇಲ್ಲದ ಮನೆಯಲ್ಲಿ ಏನು ಮಾಡುವುದೆಂದು ಕೆಲವರು ಗೋವೆಯ ಕಡೆ ರೈಲು ಹಳಿಯ ಕೆಲಸಕ್ಕೆ ಹೋದರು, ಕೆಲವರು ಬೆಳಗಾವಿಯ ದಂಡಿನಲ್ಲಿ ಕುದುರೆ ತಿಕ್ಕಲು ಸೇರಿದರು. ಹೋದವರ ಮನೆಯ ಮಾಡು ಕುಸಿದು ಅದರ ಮೇಲೆ ಹೀರೆಬಳ್ಳಿ ಹಬ್ಬಿತು. ಉಳಿದವರಿಗೆ ಹೆಣ್ಣು ಬೇಕಾಗಿತ್ತು. ಆದರೆ ಸುತ್ತಲಿನ ಹಟ್ಟಿಗಳಲ್ಲೂ ಅದೇ ಗತಿ. ಯಾರೂ ಸುಮ್ಮನೆ ಹೆಣ್ಣು ಕೊಡುತ್ತಿರಲಿಲ್ಲ. ನಿಮ್ಮ ಮನೆಯಿಂದ ಒಂದು ಹೆಣ್ಣು ಕೊಡಿ, ನಮ್ಮ ಮನೆಯಿಂದ ಒಂದು ತಗೊಳ್ಳಿ ಎನ್ನುತ್ತಿದ್ದರು. ಇದಕ್ಕೆ ಸಾಟಿ ಎಂದು ಹೆಸರು. ಕೊಡಲು ಹೆಣ್ಣಿಲ್ಲದವನು ರೊಟ್ಟಿಯನ್ನು ತಾನೇ ಬಡಿದುಕೊಳ್ಳಬೇಕು.

ಇಂಥ ಊರಲ್ಲಿ ಭರಮವ್ವ ಗಂಡನನ್ನು ಕಳೆದುಕೊಂಡು ತಾನು ಉಳಿದಿದ್ದಳು. ಅದೇ ಅವಳ ತಪ್ಪಾಯಿತು. ಗಂಡ ಈರಣ್ಣ ಸತ್ತಾಗ ಮಗಳು ಮಾಯವ್ವ ಇನ್ನೂ ಮೊಲೆ ಬಿಟ್ಟಿರಲಿಲ್ಲ. ವರ್ಷ ತುಂಬುವ ಮೊದಲೇ ಮೈದುನ ಬೀರಣ್ಣ ಮಾತು ತೆಗೆದ. ಪಕ್ಕದ ಹಟ್ಟಿಯ ಲಕ್ಷ್ಮಪ್ಪನ ಹೆಂಡತಿಯೂ ಜ್ವರದಲ್ಲಿ ಹೋಗಿದ್ದಳು. ಅವನಿಗೊಬ್ಬ ತಂಗಿ ಇದ್ದಳು. ಭರಮವ್ವ ಲಕ್ಷ್ಮಪ್ಪನಿಗೆ ಉಡಿಕೆಯಾದರೆ, ಅಂದರೆ ವಿಧವೆಯಾದವಳು ಅವನು ತಂದ ಸೀರೆಯುಟ್ಟು ಅವನ ಮನೆ ಸೇರಿದರೆ, ತಂಗಿ ದೊಡ್ಡವಳಾದ ಮೇಲೆ ಬೀರಣ್ಣನಿಗೆ ಬರುತ್ತಾಳೆ. ಉಡಿಕೆಯಾಗಿ ಹೋಗುವವಳ ಜೊತೆ ಮೊದಲ ಗಂಡನ ಮಕ್ಕಳು ಹೋಗುವಂತಿಲ್ಲ. ಕೂಸು ಇಲ್ಲೇ ಇರುತ್ತದೆ. ಹಿರಿಯರಿಗೆ ಇದು ಬಹಳ ನೆಟ್ಟಗಿನ ಲೆಕ್ಕವಾಗಿ ಕಂಡಿತು.

ಭರಮವ್ವ ಒಲ್ಲೆ ಎಂದಳು. ಅವಳಿಗೆ ಸತ್ತ ಗಂಡನ ಮೇಲೆ ಅಂಥ ಮೋಹವೇನೂ ಇರಲಿಲ್ಲ, ಲಕ್ಷ್ಮಪ್ಪನ ಮೇಲೆ ಸಿಟ್ಟೂ ಇರಲಿಲ್ಲ. ಆದರೆ ತನ್ನನ್ನು ಸೀರೆ ಉಡಿಸಿ ಕರೆದೊಯ್ಯುವಾಗ ಮಾಯಿ ಹೊಸ್ತಿಲಲ್ಲಿ ನಿಂತು ನೋಡುವುದನ್ನು ಅವಳು ಮನಸ್ಸಿನಲ್ಲಿ ಒಮ್ಮೆ ನೋಡಿಬಿಟ್ಟಿದ್ದಳು. ಅದಾದ ಮೇಲೆ ಬೇರೆ ಯಾವ ಮಾತೂ ಅವಳ ಕಿವಿಗೆ ಹೋಗಲಿಲ್ಲ.

ಅವಳನ್ನು ಊರಿನಿಂದ ದಾಟಿಸಿದವಳು ಅತ್ತೆ ರೇಣವ್ವ. ರೇಣವ್ವ ಖಾನಾಪುರದ ಒಂದು ದೊಡ್ಡ ಮನೆಗೆ ಬೆಣ್ಣೆ ಹಾಕುತ್ತಿದ್ದಳು. ಆ ಮನೆಯ ಮಗಳು ಬೆಳಗಾವಿಯ ವಕೀಲ ತ್ರ್ಯಂಬಕರಾಯರ ಹೆಂಡತಿ. ಬಾಣಂತನಕ್ಕೆ ಬಂದವಳು ಮರಳಿ ಹೋಗುವಾಗ ಗಟ್ಟಿಮುಟ್ಟಾದ ಆಳು ಬೇಕೆಂದಳು. ಸಂತೆಗೆ ಹೋಗುವ ನೆಪದಲ್ಲಿ ಅತ್ತೆ ಸೊಸೆಯನ್ನೂ ಕೂಸನ್ನೂ ಕರೆದುಕೊಂಡು ಹೋಗಿ ರೈಲು ಹತ್ತಿಸಿ, ಒಬ್ಬಳೇ ಮರಳಿದಳು. ಮನೆಯಲ್ಲಿ ಏನು ಕೇಳಿಸಿಕೊಂಡಳೋ, ಎಂದೂ ಹೇಳಲಿಲ್ಲ. ಭರಮವ್ವನಿಗೆ ಹೆತ್ತ ತಾಯಿಯ ನೆನಪಿಗಿಂತ ಆ ದಿನ ರೈಲಿನ ಕಿಟಕಿಯಾಚೆ ನಿಂತ ಅತ್ತೆಯ ಮುಖದ ನೆನಪೇ ಗಟ್ಟಿಯಾಗಿತ್ತು.

ಬೆಳಗಾವಿಯಲ್ಲಿ ಅವಳಿಗೆ ಸಿಕ್ಕಿದ್ದು ಹಿತ್ತಲಿನ ಕೊಟ್ಟಿಗೆಯ ಬಾಜುವಿನ ಒಂದು ಕೋಣೆ. ಬೆಳಗ್ಗೆ ಅಂಗಳ ಸಾರಿಸಬೇಕು, ಮುಸುರೆ ತಿಕ್ಕಬೇಕು, ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯಬೇಕು, ಆಕಳು ನೋಡಬೇಕು. ಅಡಿಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಒಡತಿ ಸುಹಾಸಿನಿಬಾಯಿ ಬೈಯುವವಳಲ್ಲ. ಗಂಡನ ಜೊತೆ ಮರಾಠಿಯಲ್ಲಿ, ಭರಮವ್ವನ ಜೊತೆ ಕನ್ನಡದಲ್ಲಿ, ಎರಡರಲ್ಲೂ ಮೆತ್ತಗೆ ಮಾತಾಡುತ್ತಿದ್ದಳು. ತಿಕ್ಕಿದ ಪಾತ್ರೆ ಮನಸ್ಸಿಗೆ ಬಾರದಿದ್ದರೆ ಏನೂ ಅನ್ನದೆ ಮತ್ತೆ ಹೊರಗೆ ಇಟ್ಟುಬಿಡುತ್ತಿದ್ದಳು. ಭರಮವ್ವ ಅದಕ್ಕೂ ಒಗ್ಗಿಕೊಂಡಳು. ಬೂದಿಯ ನೀರಿಗೆ ಅವಳ ಬೆರಳು ಬಿರಿದವು, ಉಗುರು ಕಪ್ಪಾದವು. ರಾತ್ರಿ ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಮಲಗುವಾಗ ಮಾತ್ರ, ಇದನ್ನು ನಾನೇ ಗಳಿಸಿದ್ದು ಎಂದುಕೊಳ್ಳುತ್ತಿದ್ದಳು. ಊರಿನಿಂದ ಕಂಬಳಿ ಮಾರಲು ಬರುವ ಸತ್ಯಪ್ಪ ಎಂದಾದರೊಮ್ಮೆ ಗಲ್ಲಿಯಲ್ಲಿ ಸಿಕ್ಕು, ಲಕ್ಷ್ಮಪ್ಪ ಇನ್ನೂ ಒಬ್ಬನೇ ಇದ್ದಾನೆಂದು ಹೇಳಿ ನಗುತ್ತಿದ್ದ. ಅವಳಿಗೆ ಭಯವಾಗುತ್ತಿತ್ತು. ಒಳಗೊಳಗೆ ಒಂದು ಬಗೆಯ ಗರ್ವವೂ ಆಗುತ್ತಿತ್ತು. ತನ್ನ ಒಂದು ಒಲ್ಲೆ ಎಂಬ ಮಾತಿಗೆ ಎರಡು ಹಟ್ಟಿಗಳು ಕಾದು ಕುಳಿತಿವೆ ಎಂಬ ಗರ್ವ.

ಮಾಯಿಗೆ ಎಂಟು ತುಂಬಿದ ವರ್ಷ, ದೀಪಾವಳಿಯ ಬೆನ್ನಿಗೇ ಗಲ್ಲಿಯಲ್ಲಿ ಇಲಿ ಬೀಳತೊಡಗಿದವು. ಬೆಳಗಾವಿಯವರಿಗೆ ಪ್ಲೇಗು ಹೊಸದಲ್ಲ. ಇಲಿ ಬಿದ್ದ ಮನೆಯಲ್ಲಿ ಇರಬಾರದು, ಗಂಟುಮೂಟೆ ಕಟ್ಟಿ ಊರ ಹೊರಗೆ ಝೋಪಡಿ ಹಾಕಿಕೊಳ್ಳಬೇಕು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಈಗ ಹಿಂದವಾಡಿ ಎನ್ನುವ ಕಡೆ ಆಗ ಬರೀ ಹೊಲಗಳು. ವಕೀಲರು ಅಲ್ಲಿ ತಟ್ಟಿಯ ಗೋಡೆ, ತಗಡಿನ ಮಾಡು ಹಾಕಿಸಿದರು. ಡಾಕ್ಟರು ಮನೆಗೇ ಬಂದು ಎಲ್ಲರಿಗೂ ಸೂಜಿ ಚುಚ್ಚಿ ಹೋದರು. ಎಲ್ಲರೂ ಎಂದರೆ ಮನೆಯವರು. ಆಕಳನ್ನು ಹೊಡೆದುಕೊಂಡು ಹೋಗಲು ಬೇರೆ ಆಳು ಗೊತ್ತಾದ. ಇನ್ನು ಮನೆ ಕಾಯುವವರು ಬೇಕು. ಖಾಲಿ ಮನೆ ಎಂದು ತಿಳಿದರೆ ಕಳ್ಳರು ತೊಲೆಯನ್ನೂ ಬಿಡುತ್ತಿರಲಿಲ್ಲ. ಬೆಳಗ್ಗೆ ಬಾಗಿಲಿಗೆ ರಂಗೋಲಿ ಬೀಳಬೇಕು, ಸಂಜೆ ದೀಪ ಕಾಣಬೇಕು, ಹೊರಗಿನಿಂದ ನೋಡುವವರಿಗೆ ಒಳಗೆ ಸಂಸಾರ ನಡೆದಿದೆ ಎನಿಸಬೇಕು. ಆ ಕೆಲಸ ಭರಮವ್ವನದಾಯಿತು.

ಮಗಳನ್ನಾದರೂ ಝೋಪಡಿಗೆ ಕರೆದುಕೊಂಡು ಹೋಗಿ, ಹೊರಗೆ ಆಕಳ ಬಾಜುವಿಗೆ ಮಲಗುತ್ತಾಳೆ ಎಂದು ಅವಳು ಕೇಳಿಕೊಂಡಳು. ಸುಹಾಸಿನಿಬಾಯಿ ಬೆಳ್ಳಿಯ ಪಾತ್ರೆಗಳನ್ನು ಹಳೆಯ ಧೋತರದಲ್ಲಿ ಸುತ್ತುತ್ತಿದ್ದಳು. ಸುತ್ತುವುದನ್ನು ನಿಲ್ಲಿಸಿ, ಬಹಳ ಅಕ್ಕರೆಯಿಂದ ಅವಳ ಕಡೆ ನೋಡಿದಳು.

"ಭರಮಾ, ಝೋಪಡಿ ಅಂದ್ರ ಎಷ್ಟು ಜಾಗಾ ಇರ್ತದ ನಿನಗ ಗೊತ್ತದ. ಕೂಸಿಗೆ ಊರದ, ಅಜ್ಜಿ ಇದ್ದಾಳ. ನಮಗ ಯಾರಿದ್ದಾರ ಹೇಳು, ನಿನ್ನ ಬಿಟ್ರ?"

ಭರಮವ್ವ ಮನಸ್ಸಿನಲ್ಲೇ ತೂಗಿ ನೋಡಿದಳು. ಒಲ್ಲೆ ಎಂದರೆ ಈ ಕೋಣೆ ಹೋಗುತ್ತದೆ. ಕೋಣೆ ಹೋದರೆ ಅವಳಿಗಿದ್ದ ದಾರಿ ಬಸರಿಹಟ್ಟಿಯದು, ಅಲ್ಲಿ ಲಕ್ಷ್ಮಪ್ಪನ ಸೀರೆ ಕಾದಿದೆ. ಮಗಳನ್ನು ಇಲಿ ಬಿದ್ದ ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಹಾಗಾಗಿ ಒಂದು ಸಂತೆಯ ದಿನ ಖಾನಾಪುರಕ್ಕೆ ಹೋಗಿ, ಬೆಣ್ಣೆ ಮಾರಲು ಬಂದಿದ್ದ ರೇಣವ್ವನ ಕೈಗೆ ಮಾಯಿಯನ್ನು ಒಪ್ಪಿಸಿದಳು. ಅತ್ತೆ ಮೊಮ್ಮಗಳ ಹಣೆಗೆ ದೇವರ ಭಂಡಾರದ ಅರಿಸಿನ ಹಚ್ಚಿ, ಕೆನ್ನೆ ಸವರಿ, ಎಷ್ಟು ಎತ್ತರ ಆಗಿದ್ದಾಳಲ್ಲ ಎಂದಳು. ಆ ಮಾತನ್ನು ಭರಮವ್ವ ಪ್ರೀತಿಯ ಮಾತೆಂದೇ ಕೇಳಿಸಿಕೊಂಡಳು. ರೋಗ ತಣ್ಣಗಾದ ಕೂಡಲೇ ಬರುತ್ತೇನೆ ಎಂದು ಹೇಳಿ, ಮಗಳು ಅಳುವ ಮೊದಲೇ ಬೆನ್ನು ತಿರುಗಿಸಿದಳು.

ಖಾಲಿ ಗಲ್ಲಿಯಲ್ಲಿ ಅವಳು ರಂಗೋಲಿ ಹಾಕಿದಳು, ದೀಪ ಹಚ್ಚಿದಳು. ಎದುರು ಮನೆಯಲ್ಲಿ ಉಳಿದಿದ್ದ ಮುದುಕನನ್ನು ಒಂದು ದಿನ ಚಟ್ಟದ ಮೇಲೆ ಒಯ್ದರು. ಹೊರಲು ಜನ ಸಾಲದೆ ಗಾಡಿ ತಂದಿದ್ದರು. ಬಿದ್ದ ಇಲಿಗಳನ್ನು ಅವಳು ಕಟ್ಟಿಗೆಯಿಂದ ಎತ್ತಿ ಸೀಮೆಎಣ್ಣೆ ಹಾಕಿ ಸುಡುತ್ತಿದ್ದಳು. ಹೆದರಿಕೆಯಾದಾಗ, ಮಾಯಿ ಇಲ್ಲಿಲ್ಲವಲ್ಲ ಎಂದುಕೊಂಡರೆ ಸಾಕಾಗುತ್ತಿತ್ತು.

ಹೀಗಿರುವಾಗ ಸತ್ಯಪ್ಪ ಬಂದ. ರೋಗದ ಊರಿನಲ್ಲಿ ಕಂಬಳಿಗೆ ಒಳ್ಳೆಯ ಬೆಲೆ ಬಂದಿತ್ತು, ಝೋಪಡಿಯವರಿಗೆ ಚಳಿ. ಅವನು ಗಲ್ಲಿಯ ತುದಿಯಲ್ಲೇ ನಿಂತು, ಲಗ್ನಕ್ಕೆ ನಿನ್ನನ್ನು ಕರೆದಿಲ್ಲವೇನು ಎಂದು ಕೂಗಿ ಕೇಳಿದ. ಯಾರ ಲಗ್ನ ಎಂದು ಅವಳು ಕೇಳಿದಳು. ಬೀರಣ್ಣನದು ಎಂದ. ಲಕ್ಷ್ಮಪ್ಪನ ತಂಗಿ ಬರುತ್ತಾಳೆ ಎಂದ. ಹಾಗಾದರೆ ಸಾಟಿಗೆ ಯಾರು ಹೋಗುತ್ತಾರೆ ಎಂದು ಅವಳು ಕೇಳುವ ಮೊದಲೇ ಸತ್ಯಪ್ಪ ಹೇಳಿದ.

"ನೀ ಅಂತೂ ಒಲ್ಲೆ ಅಂದಿ. ನಿನ್ನ ಮಗಳ ಛಲೋ. ಒಲ್ಲೆ ಅನ್ನಾಕ ಬಾಯಿ ಬಂದಿಲ್ಲ ಇನ್ನಾ."

ಮರುದಿನ ಬೆಳಗಿನ ರೈಲಿಗೆ ಅವಳು ಹೊರಟಳು. ಬಾಗಿಲಿಗೆ ರಂಗೋಲಿ ಹಾಕಲಿಲ್ಲ. ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಖಾನಾಪುರದಲ್ಲಿಳಿದು ಹೊಳೆ ದಾಟಿ ನಡೆಯುವಾಗ ಅವಳ ತಲೆಯಲ್ಲಿ ಒಂದೇ ಮಾತಿತ್ತು. ನಾನು ಒಪ್ಪುತ್ತೇನೆ ಎಂದರೆ ಮುಗಿಯಿತು. ಇಷ್ಟು ವರ್ಷ ಕಾದಿದ್ದು ನನಗಾಗಿ ತಾನೇ, ಸೀರೆ ತನ್ನಿ, ಉಡುತ್ತೇನೆ, ಕೂಸನ್ನು ಬಿಡಿ. ಉಡಿಕೆಯಾಗಿ ಹೋದರೆ ಮಾಯಿಯನ್ನು ದಿನವೂ ಕಾಣುವಂತಿಲ್ಲ, ಆದರೂ ಅವಳು ತನ್ನ ಅಜ್ಜಿಯ ಬಳಿ ಆಡಿಕೊಂಡು ಇರುತ್ತಾಳೆ. ಇದನ್ನೇ ಅಂದು ಒಪ್ಪಿದ್ದರೆ ಬೆರಳಾದರೂ ನೆಟ್ಟಗಿರುತ್ತಿದ್ದವು. ಹೀಗೆ ಲೆಕ್ಕ ಹಾಕುತ್ತ, ಅಳದೆ, ದಾರಿ ಸವೆಸಿದಳು.

ಊರಿನ ಸೀಮೆಯಲ್ಲಿ ಗಾಡಿದಾರಿಗೆ ಅಡ್ಡವಾಗಿ ಜಾಲಿಯ ಮುಳ್ಳು ಹಚ್ಚಿದ್ದರು. ಪ್ಲೇಗಿನ ಊರಿನವರು ಒಳಗೆ ಬರಬಾರದೆಂದು ಎಲ್ಲ ಹಳ್ಳಿಗಳೂ ಆಗ ಹೀಗೆಯೇ ಮಾಡುತ್ತಿದ್ದವು. ಮುಳ್ಳಿನಾಚೆ, ಬಸರಿಮರದ ಕೆಳಗೆ ಹಂದರ ಕಾಣುತ್ತಿತ್ತು, ಡೊಳ್ಳಿನ ಸದ್ದು ಕೇಳುತ್ತಿತ್ತು. ಅವಳನ್ನು ಮೊದಲು ಕಂಡವನು ಬೀರಣ್ಣ. ಮದುಮಗನ ಅರಿಸಿನ ಮೈಯಲ್ಲೇ, ಕೈಯಲ್ಲಿ ಬಡಿಗೆ ಹಿಡಿದು ಬಂದ. ಅವನ ಹಿಂದೆ ಜನ ಬಂದರು.

ಅಲ್ಲೇ ನಿಲ್ಲು, ಬೆಳಗಾವಿಯ ರೋಗ ಊರೊಳಗೆ ಬರುವಂತಿಲ್ಲ ಎಂದ. ಸತ್ಯಪ್ಪ ಅವರ ನಡುವೆಯೇ ನಿಂತು ಎಲೆಅಡಿಕೆ ಜಗಿಯುತ್ತಿದ್ದ. ಅವನೂ ನಿನ್ನೆ ಬೆಳಗಾವಿಯಲ್ಲೇ ಇದ್ದನಲ್ಲ ಎಂದಳು ಭರಮವ್ವ.

"ಅವ ಕಂಬಳಿ ಮಾರಿ ಬಂದಾನ. ನೀ ಹೆಣದ ಮನಿ ಕಾಯಾಕಿ," ಎಂದ ಬೀರಣ್ಣ. ಸತ್ಯಪ್ಪನೂ ಎಲ್ಲರ ಜೊತೆ ನಕ್ಕ.

ಜನರನ್ನು ಸರಿಸಿಕೊಂಡು ರೇಣವ್ವ ಮುಂದೆ ಬಂದಳು. ಹೊಸ ಸೀರೆಯುಟ್ಟಿದ್ದಳು. ಮುಖ ತಪ್ಪಿಸಬಹುದು ಎಂದು ಭರಮವ್ವ ಅಂದುಕೊಂಡಿದ್ದಳು, ರೇಣವ್ವ ತಪ್ಪಿಸಲಿಲ್ಲ.

"ಅತ್ತಿ, ನೀನ ನನ್ನ ರೈಲ ಹತ್ತಿಸಿದಾಕಿ," ಎಂದಳು ಭರಮವ್ವ.

"ಹತ್ತಿಸಿದೆ. ಆವಾಗ ನನ್ನ ಈರಣ್ಣ ಸತ್ತ ದುಃಖ ಹಸಿ ಇತ್ತು. ಅವನ ಹೇಣ್ತಿ ಇನ್ನೊಬ್ಬನ ಸೀರಿ ಉಡೂದು ನನಗ ನೋಡಾಕ ಆಗಲಿಲ್ಲ. ಈಗ ಈ ಮಗ ದಿನಾ ಸಂಜಿಗೆ ನನ್ನ ಮಾರಿ ನೋಡತಾನ. ಸತ್ತವನ ಸಲುವಾಗಿ ಇದ್ದವನ್ನ ಎಷ್ಟ ವರ್ಷ ಉಪಾಸ ಕೆಡವಲೆವಾ?"

"ಕೂಸಿಗೆ ಎಂಟ ವರ್ಷ."

"ನಾ ಈ ಮನಿಗೆ ಬಂದಾಗ ನನಗ ಏಳು."

ಅದರಲ್ಲಿ ಕುಹಕವಿರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದ ದನಿ. ಭರಮವ್ವನಿಗೆ ಆಗ ತಿಳಿಯಿತು, ಅತ್ತೆ ಅಂದು ಮಾಡಿದ ದಯೆಯೂ ಇಂದು ಮಾಡುತ್ತಿರುವುದೂ ಒಂದೇ ಕಡೆಯಿಂದ ಬಂದವು, ಎರಡೂ ಗಂಡುಮಕ್ಕಳ ಮೇಲಿನ ಮಾಯೆ, ಸೊಸೆ ಮೊಮ್ಮಗಳು ಎರಡು ಸಲವೂ ಅದರ ದಾರಿಯಲ್ಲಿ ಸಿಕ್ಕವರು ಅಷ್ಟೆ. ದಾರಿಯುದ್ದಕ್ಕೂ ಕಟ್ಟಿ ತಂದ ಮಾತನ್ನು ಬಿಚ್ಚಿದಳು. ಲಕ್ಷ್ಮಪ್ಪ ಹಂದರದಿಂದ ಎದ್ದು ಬಂದು ಒಂದು ಬದಿಗೆ ನಿಂತಿದ್ದ. ಹೊಸ ರುಮಾಲು, ಕಿವಿಯ ಬಳಿ ನರೆತ ಕೂದಲು. ಅವಳು ಅವನನ್ನೇ ನೋಡಿ ಹೇಳಿದಳು.

"ಕೂಸನ್ನ ಬಿಡ್ರಿ. ನಾ ಬರತೇನಿ. ಮೊದಲ ನೀವು ಕೇಳಿದ್ದು ನನ್ನನ್ನ ಅಲ್ಲೇನು?"

ಡೊಳ್ಳು ಬಾರಿಸುವವನು ಕೈ ನಿಲ್ಲಿಸಿ ಇತ್ತ ನೋಡಿದ. ಲಕ್ಷ್ಮಪ್ಪ ಕೆಟ್ಟ ಮನುಷ್ಯನಲ್ಲ. ಯೋಚಿಸಿದ. ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ, ಆಮೇಲೆ ಅವಳ ಕೈಗಳನ್ನು ನೋಡಿದ. ಕುರಿ ಕೊಳ್ಳುವವನು ಹಲ್ಲು ನೋಡಿ ಬೇಡವೆನ್ನುವಾಗ ಇರುವಷ್ಟೇ ಮರ್ಯಾದೆಯಿಂದ ತಲೆಯಾಡಿಸಿದ.

"ಕೇಳಿದ್ದು ಖರೇ. ಆವಾಗ ನೀ ಊರಾಕಿ ಇದ್ದಿ. ಈಗ ಮಂದಿ ಮುಸರಿ ತಿಕ್ಕಿ ಬಂದಾಕಿನ್ನ ಒಯ್ದು ಏನ್ ಮಾಡ್ಲಿ? ಸಣ್ಣದಾದ್ರ ನಮ್ಮ ಮನಿ ನಡತಿ ಕಲಿತೈತಿ. ನಾಕ ವರ್ಷ ಕಾಯತೇನಿ."

"ಮುದಿ ಕುರಿ ತಂದು ಮರಿ ಕೊಡ್ರಿ ಅಂತಾಳ," ಎಂದು ಹಿಂದಿನಿಂದ ಯಾರೋ ಅಂದರು. ಈ ಸಲ ಹೆಂಗಸರೂ ನಕ್ಕರು.

ಆ ಗಳಿಗೆ ಅವಳೊಳಗೆ ಏನಾಯಿತು ಎಂದು ಹೇಳುವುದು ಕಷ್ಟ. ಅವಮಾನ ಎನ್ನಬಹುದು, ಆದರೆ ಅವಮಾನಕ್ಕೆ ಅವಳು ಹೊಸಬಳಲ್ಲ. ಇದು ಬೇರೆ. ಇಷ್ಟು ವರ್ಷ ಸೆರಗಿನೊಳಗೆ ಬಚ್ಚಿಟ್ಟುಕೊಂಡು ಬಂದದ್ದನ್ನು, ಬೇರೆ ಎಲ್ಲ ಹೋದರೂ ಇದೊಂದಿದೆ ಎಂದು ನಂಬಿದ್ದನ್ನು, ಇಂದು ತೆಗೆದು ಎಲ್ಲರೆದುರು ಚಾಚಿದ್ದಳು. ಅದು ಯಾರಿಗೂ ಬೇಕಾಗಿರಲಿಲ್ಲ. ಬಹುಶಃ ಎಂದೋ ಬೇಡವಾಗಿತ್ತು. ಗಲ್ಲಿಯ ಕೋಣೆಯಲ್ಲಿ ಮಲಗಿ ಗರ್ವಪಡುತ್ತಿದ್ದವಳಿಗೆ ಮಾತ್ರ ಸುದ್ದಿ ಬಂದಿರಲಿಲ್ಲ.

ಅಷ್ಟು ದೂರ ಬಂದಿದ್ದಾಳೆ, ಮಗಳ ಮುಖ ನೋಡಿ ಹೋಗಲಿ ಎಂದು ರೇಣವ್ವನೇ ಮಾಯಿಯನ್ನು ಕರೆತಂದಳು. ಅದು ಅವಳ ಒಳ್ಳೆಯ ಮನಸ್ಸು. ಹೇಗೂ ಲಗ್ನದಲ್ಲಿ ಗಂಡ ಸತ್ತ ತಾಯಿ ಮುಂದೆ ನಿಲ್ಲುವಂತಿಲ್ಲ, ಇಲ್ಲಿಂದಲೇ ಹರಸಲಿ ಎಂದಳು. ಮಾಯಿ ಮೈತುಂಬ ಅರಿಸಿನ ಹಚ್ಚಿಸಿಕೊಂಡು, ಪುಟ್ಟ ಸೀರೆಯುಟ್ಟು, ಮೊಣಕೈಯವರೆಗೆ ಹಸಿರು ಬಳೆ ತೊಟ್ಟು ಬಂದಳು. ಕೆನ್ನೆ ತುಂಬಿಕೊಂಡಿತ್ತು. ಒಂದು ಕಪ್ಪು ಮುಖದ ಕುರಿಮರಿ ಅವಳ ಹಿಂದೆಯೇ ಬಂತು. ತಾಯಿಯನ್ನು ಕಂಡು ಮುಳ್ಳಿನವರೆಗೂ ಓಡಿ ಬಂದು, ಬಳೆ ತೋರಿಸಿದಳು. ಈ ಮರಿ ನನ್ನದು, ಆಯಿ ಕೊಟ್ಟಿದ್ದಾಳೆ, ರಾತ್ರಿ ನನ್ನ ಕಂಬಳಿಯೊಳಗೇ ಮಲಗುತ್ತದೆ ಎಂದಳು. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು.

ಕೂಸು ಅಳುತ್ತಿದ್ದರೆ ಮುಂದಿನದು ಸುಲಭವಾಗುತ್ತಿತ್ತು. ಅದು ಅಳುತ್ತಿರಲಿಲ್ಲ. ಬೆಳಗಾವಿಯ ಕತ್ತಲೆ ಕೋಣೆಯಲ್ಲಿ ಎಂದೂ ಹೀಗೆ ನಕ್ಕಿರಲಿಲ್ಲ.

ಭರಮವ್ವ ಮುಳ್ಳಿನ ಮೇಲಿಂದ ಎರಡೂ ಕೈ ಚಾಚಿ ಮಗಳನ್ನು ಎಳೆದು ಅಪ್ಪಿಕೊಂಡಳು. ಮುಳ್ಳು ಇಬ್ಬರಿಗೂ ಗೀರಿತು. ಮಗಳ ಮುಖವನ್ನು ತನ್ನ ಕುತ್ತಿಗೆಗೆ ಒತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ, ಆದರೆ ಕೂಗದೆ ಹೇಳಿದಳು.

"ನನಗ ಜ್ವರಾ ಬಂದು ಮೂರ ದಿನ ಆತು. ಕಂಕುಳಾಗ ಗಡ್ಡಿ ಎದ್ದೈತಿ. ಈಗ ಕೂಸಿಗೂ ಮುಟ್ಟಿಸೇನಿ. ಬರ್ರಿ, ಯಾರ ಒಯ್ಯತೀರಿ ಒಯ್ಯರಿ."

ಇಷ್ಟು ಹೊತ್ತು ರೋಗದ ನೆಪ ಹೇಳುತ್ತಿದ್ದವರು ಈಗ ಖರೇ ಹೆದರಿದರು. ಗುಂಪು ಒಮ್ಮೆಲೇ ಹಿಂದಕ್ಕೆ ಸರಿಯಿತು, ಗಾಳಿ ಬೀಸಿದ ಕಡೆಯಿಂದ ಜೋಳದ ಬೆಳೆ ಬಾಗುವ ಹಾಗೆ. ಲಕ್ಷ್ಮಪ್ಪ ಹಂದರಕ್ಕೆ ಹೋಗಿ, ಮದುವೆಯ ಸುರಗಿ ನೂಲು ಸುತ್ತಿ ಕೂರಿಸಿದ್ದ ತಂಗಿಯನ್ನು ರಟ್ಟೆ ಹಿಡಿದು ಎಬ್ಬಿಸಿ, ಹಾಸಿದ ಕಂಬಳಿಯನ್ನೂ ಬಿಟ್ಟು, ತನ್ನವರನ್ನು ಕರೆದುಕೊಂಡು ಹಳ್ಳದ ದಾರಿ ಹಿಡಿದ. ತಂಗಿ ಒಂದು ಸಲ ತಿರುಗಿ ನೋಡಿದಳು. ಅವಳ ಮುಖದಲ್ಲಿದ್ದದ್ದು ದುಃಖವೋ ನೆಮ್ಮದಿಯೋ, ದೂರದಿಂದ ತಿಳಿಯುವಂತಿರಲಿಲ್ಲ.

ಬೀರಣ್ಣ ಅವರ ಹಿಂದೆ ಸ್ವಲ್ಪ ದೂರ ಓಡಿದ, ಕೈ ಮುಗಿದ, ಮರಳಿ ಬಂದ. ಸೊಂಟದಿಂದ ಕವಣೆ ಬಿಚ್ಚಿದ. ತೋಳಕ್ಕೆ ಹೊಡೆಯುವ ಕವಣೆ ಅದು. ಮೊದಲ ಕಲ್ಲು ಭರಮವ್ವನ ಭುಜಕ್ಕೆ ಬಿತ್ತು, ಕೈ ಸಡಿಲಾಯಿತು. ಮಾಯಿ ಬಿಡಿಸಿಕೊಂಡು, ಆಯೀ ಎಂದು ಚೀರುತ್ತ ರೇಣವ್ವನ ಕಡೆ ಓಡಿದಳು.

ರೇಣವ್ವ ಎರಡೂ ಕೈ ಮುಂದೆ ಚಾಚಿದಳು. ಎತ್ತಿಕೊಳ್ಳಲೆಂದು ಚಾಚಿದ ಕೈಗಳಲ್ಲ ಅವು.

"ಬರಬ್ಯಾಡ. ಮಾಯೀ, ಅಲ್ಲೇ ನಿಂದ್ರ," ಎಂದಳು. ಕೂಸು ನಿಲ್ಲಲಿಲ್ಲ. ಅಜ್ಜಿ ಹಿಂದೆ ಹಿಂದೆ ಸರಿದಳು, ಎಡವಿ ಬಿದ್ದಳು, ಬಿದ್ದಲ್ಲಿಂದಲೇ ನೆಲಕ್ಕೆ ಕೈಯೂರಿ ದೂರ ಹೋದಳು. ಆಮೇಲೆ ಎದ್ದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದೊಂದೇ ಬಾಗಿಲು ಹಾಕಿಕೊಂಡಿತು. ಮಾಯಿ ಬೀದಿಯ ನಡುವೆ ನಿಂತು, ತನ್ನ ಅರಿಸಿನದ ಕೈಗಳನ್ನು ತಾನೇ ಮೈಯಿಂದ ದೂರ ಹಿಡಿದುಕೊಂಡಳು.

ಮರದ ಸೊಪ್ಪು ಇಳಿಸುವ ಉದ್ದನೆಯ ಗಳ ತಂದು ಬೀರಣ್ಣ ಅವಳನ್ನು ಬೆನ್ನಿಗೆ ಚುಚ್ಚಿ ಚುಚ್ಚಿ, ದಾರಿ ತಪ್ಪಿದ ಕುರಿಯನ್ನು ಹೊಡೆಯುವಂತೆ, ಮುಳ್ಳಿನವರೆಗೆ ತಂದ. ತುದಿಯಿಂದಲೇ ಮುಳ್ಳು ಸರಿಸಿ ಹೊರಗೆ ದೂಡಿದ. ಕುರಿಮರಿ ಅವಳ ಹಿಂದೆಯೇ ಬಂದಿತ್ತು. ಅದು ಅವಳ ಕಂಬಳಿಯಲ್ಲಿ ಮಲಗಿದ ಮರಿ. ಅದಕ್ಕೂ ರೋಗ ತಗುಲಿತೆಂದು ಅವನು ಬಡಿಗೆ ಎತ್ತಿದ. ಒಂದೇ ಪೆಟ್ಟಿಗೆ ಅದು ಸದ್ದಿಲ್ಲದೆ ಮಲಗಿತು.

"ಇನ್ನ ನನಗ ಯಾರೂ ಹೆಣ್ಣ ಕೊಡಾಂಗಿಲ್ಲ," ಎಂದ. ಅಷ್ಟು ಹೇಳಿ, ಗಳ ಅಲ್ಲೇ ಬಿಸಾಕಿ, ಅರಿಸಿನದ ಮುಖವನ್ನು ಕೈಯಲ್ಲಿ ಮುಚ್ಚಿಕೊಂಡು ಕುಳಿತ.

ಭರಮವ್ವ ಮಗಳ ಕೈ ಹಿಡಿಯಲು ಹೋದಳು. ಮಾಯಿ ಹಿಂದಕ್ಕೆ ಸರಿದಳು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಹೊಲದೊಳಗೆ ಓಡಲು ತಯಾರಾಗಿ ನಿಂತಳು. ಬೇರೆ ದಾರಿ ಕಾಣದೆ ತಾಯಿ ಮುಂದೆ ನಡೆದಳು. ತುಸು ದೂರ ಹೋಗಿ ತಿರುಗಿ ನೋಡಿದರೆ, ಕೂಸು ಹಿಂದೆ ಬರುತ್ತಿತ್ತು. ಇವಳು ನಿಂತರೆ ಅದೂ ನಿಲ್ಲುತ್ತಿತ್ತು. ನಡುವಿನ ದಾರಿ ಎಷ್ಟಿತ್ತೋ ಅಷ್ಟೇ ಉಳಿಯುತ್ತಿತ್ತು.

ಮಲಪ್ರಭೆಯ ದಂಡೆಗೆ ಬಂದಾಗ ಭರಮವ್ವ ಕುಪ್ಪಸದ ತೋಳು ಮೇಲೆ ಸರಿಸಿ, ಕಂಕುಳು ತೋರಿಸಿದಳು. ಏನೂ ಇಲ್ಲ ನೋಡು ಎಂದಳು. ಜ್ವರವೂ ಇಲ್ಲ, ಗಡ್ಡೆಯೂ ಇಲ್ಲ, ನಿನ್ನನ್ನು ಬಿಡಿಸಿಕೊಳ್ಳಲು ಸುಳ್ಳು ಹೇಳಿದೆ, ಲಗ್ನ ಎಂದರೆ ಏನೆಂದು ನಿನಗೆ ಗೊತ್ತಿಲ್ಲ ಮಗಳೇ ಎಂದು ಒಂದಾದ ಮೇಲೊಂದು ಹೇಳಿದಳು. ಮಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಯೋಚಿಸಿದಳು. ಅವಳ ಕೆನ್ನೆಯ ಅರಿಸಿನದ ಮೇಲೆ ಕಣ್ಣೀರಿನ ಗೆರೆಗಳು ಒಣಗಿದ್ದವು.

"ಸುಳ್ಳಾದ್ರ ಆಯಿಗೆ ಹೋಗಿ ಹೇಳು."

ಭರಮವ್ವ ಹೊಳೆಯ ಕಡೆ ಮುಖ ತಿರುಗಿಸಿದಳು.

"ಹೇಳು, ಯವ್ವಾ. ಆಯಿ ಬಾಗಿಲಾ ತಗೀತಾಳ."

ಹೋಗಿ ಹೇಳಿದರೆ ಬಾಗಿಲು ತೆಗೆಯುವುದು ಖರೇ. ತೆಗೆದ ಬಾಗಿಲಿನೊಳಗೆ ಏನಿದೆ ಎಂಬುದು ತಾಯಿಗೆ ಗೊತ್ತು. ಮಗಳಿಗೆ ಅಲ್ಲಿ ಆಯಿ ಇದ್ದಾಳೆ, ಅಷ್ಟೆ. ಭರಮವ್ವ ತೋಳು ಇಳಿಸಿಕೊಂಡಳು. ಸೆರಗು ಸರಿಮಾಡಿಕೊಂಡಳು. ಹೇಳಲಾಗುವುದಿಲ್ಲ ಎಂದಳು. ಹಾಗಾದರೆ ಯಾವುದು ಸುಳ್ಳು ಎಂಬುದನ್ನು ಕೂಸು ತನಗೆ ತಿಳಿದಂತೆ ತೀರ್ಮಾನಿಸಿಕೊಂಡಿತು. ಮೊದಲಿಗಿಂತ ಇನ್ನೂ ಒಂದಿಷ್ಟು ದೂರ ಹಿಂದೆ ಸರಿದು ನಿಂತಿತು.

ಖಾನಾಪುರದ ಸ್ಟೇಶನ್ನಿನಲ್ಲಿ ಬೆಳಗಾವಿಯ ಕಡೆಯಿಂದ ಬಂದ ರೈಲಿನಿಂದ ಜನ ಇಳಿಯುತ್ತಲೇ ಇದ್ದರು. ಹಾಸಿಗೆ, ತೊಟ್ಟಿಲು, ಪಂಜರದ ಗಿಳಿ, ಹೆಗಲ ಮೇಲೆ ಮುದುಕರು. ರೋಗದ ಊರು ಬಿಟ್ಟು, ಒಳಗೆ ಬಿಟ್ಟುಕೊಳ್ಳುವ ಹಳ್ಳಿ ಎಲ್ಲಿದೆಯೆಂದು ಹುಡುಕುತ್ತ ಬಂದವರು. ಅತ್ತ ಹೋಗುವ ರೈಲಿಗೆ ಟಿಕೀಟು ಕೇಳಿದಾಗ ಒಳಗಿನವನು, ಬುದ್ಧಿ ನೆಟ್ಟಗಿದೆಯೇನು, ಕೂಸನ್ನು ಕರೆದುಕೊಂಡು ಅಲ್ಲಿಗೆ ಹೋಗುವವರುಂಟೇ ಎಂದು ಗದರಿದ. ಭರಮವ್ವ ದುಡ್ಡನ್ನು ಕಿಂಡಿಯೊಳಗೆ ಸರಿಸಿದಳು. ಅವಳಿಗೆ ಇದ್ದ ಕೋಣೆ ಅದೊಂದೇ. ಯಾವುದರಿಂದ ಉಳಿಸಲು ಮಗಳನ್ನು ಇಲ್ಲಿಗೆ ಕಳಿಸಿದ್ದಳೋ, ಅಲ್ಲಿಗೇ ಈಗ ಕರೆದೊಯ್ಯಬೇಕಾಗಿತ್ತು.

ಬೆಳಗಾವಿಯ ರೈಲು ಸಂಜೆಗೆ ಬಂತು. ಡಬ್ಬಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಭರಮವ್ವ ಹತ್ತಿ, ಬಾಗಿಲಲ್ಲಿ ನಿಂತು, ಬಾ ಎಂದು ಕರೆಯದೆ ಕಾದಳು. ಮಾಯಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಒಮ್ಮೆ ಹೊಳೆಯ ಕಡೆ ನೋಡಿದಳು, ಒಮ್ಮೆ ಜನರ ಕಡೆ ನೋಡಿದಳು. ಯಾರನ್ನೂ ಮುಟ್ಟದಂತೆ ಬಳೆಗಳ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಸೀಟಿ ಊದಿದಾಗ ಓಡಿ ಬಂದು ಇನ್ನೊಂದು ಬಾಗಿಲಿನಿಂದ ಹತ್ತಿದಳು. ತಾಯಿ ಕುಳಿತ ಹಲಗೆಗೆ ದೂರದ, ಮೂಲೆಯ ಹಲಗೆಯ ಮೇಲೆ ಕಾಲು ಮಡಚಿ ಕುಳಿತು, ಸೆರಗನ್ನು ಮೂಗಿಗೆ ಮುಚ್ಚಿಕೊಂಡಳು.